ವೇಗದೇವರಿಗೆ ನೈವೇದ್ಯ

ಅಪ್ಪನ ಯೆಜ್ಡಿ ರೋಡ್‌ಕಿಂಗ್‌ನ ಬ್ರೇಕ್ ಪೆಡಲ್ ಆಡೋಕೆ ಶುರುವಾಗಿ ವರ್ಷದ ಮೇಲಾಯ್ತು. ಒಳಗಿನ ಬುಷ್ ಸವೆದಿದೆ, ಅಷ್ಟೇ. ಬೆರಳುದ್ದದ ಒಂದು ಲೋಹದ ಕೊಳವೆ. ಅಂಗಡಿಯಿಂದ ತಂದು ಹಾಕಿದ್ದು ಹಳೆಯದಕ್ಕಿಂತ ಜಾಸ್ತಿ ಆಡಿತು. ಲೇತ್ ಇಟ್ಟಿರುವವರನ್ನು ಕೇಳಿದರೆ "ಒಂದೇ ಪೀಸಾ? ಒಂದಕ್ಕೆಲ್ಲ ಮಷೀನ್ ಸೆಟ್ ಮಾಡಕ್ಕಾಗಲ್ಲ ಸಾರ್, ಹತ್ತಿದ್ರೆ ತನ್ನಿ" ಅಂದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಅನ್ನೋ ಹೆಸರು ವಾಪಸ್ ಬಂತು ನಿಜ, ಆದರೆ ಹೊಸ ಗಾಡಿಯ ಭಾಗ ಹಳೆಯದಕ್ಕೆ ಕೂರೋಲ್ಲ. ಅಪ್ಪ ಈಗ ಗಾಡಿ ಓಡಿಸೋದಿಲ್ಲ. "ಗುಜರಿಗೆ ಹಾಕಿಬಿಡೋ ಮಾರಾಯ" ಅಂತಾರೆ. ಹಾಗೆ ಹೇಳುವಾಗ ಮಾತ್ರ ಗಾಡಿ ಕಡೆ ನೋಡುವುದಿಲ್ಲ.

ಕೊನೆಗೆ ಒಂದು ಹಿತ್ತಾಳೆ ರಾಡ್ ತಂದು, ಬಾಲ್ಕನಿಯಲ್ಲಿ ಕೂತು, ನಾನೇ ಕೊರೆಯೋಕೆ ಹೊರಟೆ. ಓದಿದ್ದು ಮೆಕ್ಯಾನಿಕಲ್, ಮಾಡುತ್ತಿರುವುದು ಸಾಫ್ಟ್‌ವೇರ್. ಅರ (ಅದೇ ಸ್ವಾಮಿ, ಫೈಲು) ಹಿಡಿದದ್ದು ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲೇ ಕೊನೆ. ಮೊದಲನೇ ಬುಷ್ ಹಾಳಾಯಿತು, ತೂತು ಓರೆಯಾಗಿ ಹೋಗಿತ್ತು. ಎರಡನೆಯದೂ ಹಾಳಾಯಿತು. ಆ ರಾತ್ರಿ ನನಗೆ ನೆನಪಾದದ್ದು ಬರ್ಟ್ ಮನ್ರೋ.

'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಸಿನಿಮಾ ನೋಡಿದ್ದೀರಾ? 2005ರದ್ದು, ಆಂಟನಿ ಹಾಪ್ಕಿನ್ಸ್ ನಟಿಸಿದ್ದಾರೆ. ಹೆಸರು ಕೇಳಿ ನಾನು ಇದು ಮಿಲ್ಖಾ ಸಿಂಗ್ ಥರದ ಯಾರದೋ ಕಥೆ ಅಂದುಕೊಂಡಿದ್ದೆ :) ಇಲ್ಲಿ 'ಇಂಡಿಯನ್' ಅನ್ನೋದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1901ರಲ್ಲಿ ಶುರುವಾದ ಮೋಟಾರ್‌ಸೈಕಲ್ ಕಂಪನಿ. ಬರ್ಟ್ ಮನ್ರೋ ಹುಟ್ಟಿದ್ದು 1899ರಲ್ಲಿ, ನ್ಯೂಜಿಲೆಂಡಿನ ತೀರಾ ದಕ್ಷಿಣದ ಇನ್ವರ್ಕಾರ್ಗಿಲ್ ಕಡೆ. 1920ರಲ್ಲಿ ಹೊಸ ಇಂಡಿಯನ್ ಸ್ಕೌಟ್ ಕೊಂಡರು. 600 ಸಿಸಿ ಎಂಜಿನ್, ಕಂಪನಿ ಮಾಡಿಕೊಟ್ಟ ಹಾಗೆ ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಅಂದರೆ ಸುಮಾರು 89 ಕಿಲೋಮೀಟರ್. ಅಪ್ಪನ ರೋಡ್‌ಕಿಂಗೇ ಅದಕ್ಕಿಂತ ಜೋರಾಗಿ ಓಡುತ್ತಿತ್ತು.

1926ರಿಂದ ಅದನ್ನು ಬದಲಾಯಿಸೋಕೆ ಕೂತವರು ದಶಕಗಟ್ಟಲೆ ಬಿಡಲಿಲ್ಲ. ಕೈಯಲ್ಲಿ ಕಾಸಿಲ್ಲ, ಹಗಲು ಕೆಲಸ, ರಾತ್ರಿ ಬೈಕು. ಎಷ್ಟೋ ಸಲ ನಿದ್ದೆಯಿಲ್ಲದೆ ಬೆಳಿಗ್ಗೆ ನೇರ ಕೆಲಸಕ್ಕೆ. 1940ರ ದಶಕದ ಕೊನೆಗೆ ಕೆಲಸವನ್ನೂ ಬಿಟ್ಟು ಒಂದು ಗ್ಯಾರೇಜಿನಲ್ಲೇ ವಾಸಕ್ಕೆ ನಿಂತರು. 1953ರಲ್ಲಿ ಇಂಡಿಯನ್ ಕಾರ್ಖಾನೆಯೇ ಮುಚ್ಚಿತು. ಅವರಿಗೆ ಅದರಿಂದ ಹೆಚ್ಚು ವ್ಯತ್ಯಾಸ ಆದಂತಿಲ್ಲ. ಅಷ್ಟು ಹೊತ್ತಿಗೆ ಆ ಎಂಜಿನ್ನಿನ ಒಳಗೆ ಕಂಪನಿಯದ್ದು ಅಂತ ಉಳಿದಿದ್ದು ಕಡಿಮೆ.

ಹಳೇ ತಗಡಿನ ಡಬ್ಬಗಳನ್ನೇ ಅಚ್ಚು ಮಾಡಿಕೊಂಡು ಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಸಿಲಿಂಡರಿಗೆ ಬೀಡು ಕಬ್ಬಿಣದ ಹಳೇ ಗ್ಯಾಸ್ ಪೈಪು. ಕನೆಕ್ಟಿಂಗ್ ರಾಡು ಟ್ರ್ಯಾಕ್ಟರಿನ ಆಕ್ಸಲ್‌ನಿಂದ ಕೈಯಲ್ಲೇ ಕೊರೆದು ತೆಗೆದದ್ದು. ಫ್ಲೈವೀಲೂ ಸ್ವಂತದ್ದೇ. ಮೂಲ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು, ಅವನ್ನು ತಲೆಯ ಮೇಲಕ್ಕೆ ಸಾಗಿಸಿದರು. ಎರಡು ಕ್ಯಾಮ್ ಇದ್ದಲ್ಲಿ ನಾಲ್ಕು ಕೂರಿಸಿದರು. ಅಳತೆಗೆ ಮೈಕ್ರೋಮೀಟರ್ ಬದಲು ಚಕ್ರದ ಒಂದು ಹಳೇ ಕಡ್ಡಿ!

ಇದರಲ್ಲಿ ಕಷ್ಟ ಎಲ್ಲಿದೆ ಅಂತ ಸ್ವಲ್ಪ ಹೇಳಲೇಬೇಕು, ಸಿನಿಮಾದಲ್ಲಿ ಅದು ಬೇಗ ಮುಗಿದುಹೋಗುತ್ತೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಇದ್ದಿಲಿನ ಒಲೆಗೆ ಗಾಳಿ ಊದಿದರೆ ಸಾಕು. ಕರಗಿಸೋದು ದೊಡ್ಡ ವಿಷಯ ಅಲ್ಲ. ಆರುವಾಗ ಅದು ಕುಗ್ಗುತ್ತದೆ, ಒಳಗೆ ಗಾಳಿಗುಳ್ಳೆ ಉಳಿದುಬಿಡಬಹುದು, ಹೊರಗಿಂದ ನೋಡಿದರೆ ಗೊತ್ತೇ ಆಗೋಲ್ಲ. ಆಮೇಲೆ ಅಳತೆ. ಬಿಸಿಗೆ ಅಲ್ಯೂಮಿನಿಯಂ ಬೀಡು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 70 ಮಿಲಿಮೀಟರ್ ಅಗಲದ ಪಿಸ್ಟನ್ 200 ಡಿಗ್ರಿ ಹೆಚ್ಚು ಕಾದರೆ ಸುಮಾರು 0.32 ಮಿಮೀ ದಪ್ಪ ಆಗುತ್ತೆ. ಅಷ್ಟೇ ಕಾದ ಸಿಲಿಂಡರ್ ಹಿಗ್ಗೋದು 0.15. ತಣ್ಣಗಿರುವಾಗ ಆ ವ್ಯತ್ಯಾಸಕ್ಕೆ ಜಾಗ ಬಿಟ್ಟಿರಬೇಕು. ಜಾಸ್ತಿ ಬಿಟ್ಟರೆ ಶಕ್ತಿ ಸೋರಿಹೋಗುತ್ತೆ, ಕಮ್ಮಿ ಬಿಟ್ಟರೆ ಪಿಸ್ಟನ್ ಕಚ್ಚಿಕೊಂಡು ಚಕ್ರ ಓಡುತ್ತಿರುವಾಗಲೇ ಹಿಡಿದುಕೊಳ್ಳಬಹುದು. ಕೂದಲೆಳೆಯ ಲೆಕ್ಕ. ಅದನ್ನು ಕಡ್ಡಿಯಲ್ಲಿ ಅಳೆದು, ತಾನೇ ಅದರ ಮೇಲೆ ಮಲಗಿಕೊಂಡು ಓಡಿಸಿದ ಮನುಷ್ಯ ಇವರು.

ಮುರಿಯದೇ ಇರುತ್ತಾ? ಮುರಿಯಿತು, ಸುಟ್ಟಿತು, ಸಿಡಿಯಿತು. ಆದರೆ ಮನ್ರೋ ಯಾವುದನ್ನೂ ಎಸೆಯಲಿಲ್ಲ. ಗ್ಯಾರೇಜಿನ ಕಪಾಟಿನಲ್ಲಿ ಹಾಳಾದ ಪಿಸ್ಟನ್, ರಾಡುಗಳನ್ನೆಲ್ಲ ಜೋಡಿಸಿಟ್ಟು, ವೇಗದೇವರಿಗೆ ನೈವೇದ್ಯ ಅನ್ನೋ ಅರ್ಥದ ಮಾತು ಬರೆದಿಟ್ಟಿದ್ದರು. ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದ ರೋಜರ್ ಡೊನಾಲ್ಡ್‌ಸನ್ ಆ ಮಾತನ್ನೇ ಹೆಸರಾಗಿ ಇಟ್ಟರು. ಮುಂದೆ ಹಾಪ್ಕಿನ್ಸ್ ಸಿನಿಮಾ ಮಾಡಿದ್ದೂ ಇದೇ ಡೊನಾಲ್ಡ್‌ಸನ್. ನನಗೆ ಮನ್ರೋ ಕಥೆಯಲ್ಲಿ ದಾಖಲೆಗಳಿಗಿಂತ ಈ ಕಪಾಟೇ ಹೆಚ್ಚು ಇಷ್ಟ. ನಮ್ಮ ಆಫೀಸಿನಲ್ಲಿ ಹಾಳಾದ ಕೋಡ್ ಅಳಿಸಿಬಿಡ್ತೀವಿ, ಯಾಕೆ ಹಾಳಾಯ್ತು ಅನ್ನೋದೂ ಅದರ ಜೊತೆಗೇ ಹೋಗುತ್ತೆ. ಮನ್ರೋಗೆ ಲ್ಯಾಬ್ ಇರಲಿಲ್ಲ, ಲೋಹ ಪರೀಕ್ಷೆ ಮಾಡಿಕೊಡುವವರು ಇರಲಿಲ್ಲ. ಯಾವುದು ಎಲ್ಲಿ ಮುರಿಯಿತು ಅಂತ ನೋಡೋಕೆ ಆ ಕಪಾಟೊಂದೇ ಗತಿ.

ದಾಖಲೆ ವಿಷಯ ಚುಟುಕಾಗಿ ಹೇಳ್ತೀನಿ. ಅಮೆರಿಕದ ಯೂಟಾದಲ್ಲಿ ಬಾನ್‌ವಿಲ್ ಅಂತ ಉಪ್ಪಿನ ಬಯಲಿದೆ, ಮೈಲಿಗಟ್ಟಲೆ ಚಪ್ಪಟೆ. ಸಿನಿಮಾದಲ್ಲಿ ಒಂದೇ ಸಲ ಹೋಗಿ ಗೆದ್ದು ಬಂದಂತಿದೆ. ನಿಜವಾಗಿ ಮತ್ತೆ ಮತ್ತೆ ಹೋದರು. 1962, 1966, 1967ರಲ್ಲಿ ಮೂರು ದಾಖಲೆ. ಕೊನೆಯದಕ್ಕೆ ವಯಸ್ಸು 68, ಎಂಜಿನ್ 950 ಸಿಸಿಗೆ ಬೆಳೆದಿತ್ತು, ವೇಗ 183.59 ಮೈಲಿ. ಗಾಳಿಯ ಲಾಭ ಯಾರಿಗೂ ಸಿಗದಿರಲಿ ಅಂತ ಹೋಗುವಾಗ, ಬರುವಾಗ ಎರಡೂ ಓಟದ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯ ಲೆಕ್ಕದಲ್ಲೇ ತಪ್ಪಿತ್ತು! ಮಗ ಜಾನ್ ಮನ್ರೋ ಅದನ್ನು ಕಂಡುಹಿಡಿದು ತಿಳಿಸಿದ ಮೇಲೆ 2014ರಲ್ಲಿ ದಾಖಲೆಯನ್ನು 184.087 ಮೈಲಿಗೆ (296.26 ಕಿಮೀ) ತಿದ್ದಿದರು. 47 ವರ್ಷದ ಮೇಲೆ ಬಗ್ ಫಿಕ್ಸ್. ಅಪ್ಪ 1978ರಲ್ಲೇ ತೀರಿಕೊಂಡಿದ್ದರು. ಅರ್ಧ ಮೈಲಿಗೋಸ್ಕರ ಹಳೇ ಕಾಗದ ಕೆದಕಿದ ಆ ಮಗನನ್ನು ನಾನು ಈಚೆಗೆ ತುಂಬಾ ನೆನೆಸಿಕೊಳ್ತೀನಿ.

ನಮ್ಮ ಬಾಲ್ಕನಿಗೆ ಬರೋಣ. ಹಾಳಾದ ಎರಡೂ ಬುಷ್‌ಗಳನ್ನು ಕಿಟಕಿ ಕಟ್ಟೆ ಮೇಲೆ ಇಟ್ಟು ನೋಡಿದೆ. ಎರಡರಲ್ಲೂ ತೂತು ಒಂದೇ ಕಡೆಗೆ ಓರೆ. ಅಂದರೆ ನನ್ನ ಕೈ ಡ್ರಿಲ್ಲನ್ನು ಯಾವಾಗಲೂ ಎಡಕ್ಕೆ ಎಳೆಯುತ್ತದೆ. ಮೂರನೆಯದಕ್ಕೆ ಮೊದಲು ತೂತು ಕೊರೆದೆ, ಆ ತೂತಿಗೆ ಒಂದು ಬೋಲ್ಟು ಹಾಕಿ ಬಿಗಿದು, ಅದನ್ನೇ ನಡು ಅಂತ ಹಿಡಿದು ಹೊರಮೈ ಉಜ್ಜುತ್ತಾ ಬಂದೆ. ಎರಡು ಭಾನುವಾರ ಹಿಡಿಯಿತು. ಕೂತಿತು.

ಅಪ್ಪನನ್ನು ಕರೆದೆ. ಬಂದವರು ಏನೂ ಮಾತಾಡದೆ ಸ್ಟ್ಯಾಂಡ್ ಮೇಲಿದ್ದ ಗಾಡಿ ಹತ್ತಿ ಕೂತು, ನಾಲ್ಕು ಸಲ ಪೆಡಲ್ ಒತ್ತಿದರು. ಇಳಿದು, ಬಗ್ಗಿ, ಕೈಯಲ್ಲಿ ಅಲ್ಲಾಡಿಸಿ ನೋಡಿದರು.

"ಇನ್ನೂ ಒಂಚೂರು ಆಡ್ತಿದೆ ಕಣೋ" ಅಂದರು. ಗುಜರಿ ಮಾತು ಎತ್ತಲಿಲ್ಲ. ನಾಲ್ಕನೆಯದು ಮಾಡ್ತಾ ಇದೀನಿ.