ಕೊಡಗಿನ ಕುಪ್ಯ ಮತ್ತು ಕುಪ್ಪಸ: ಉಡುಪಿನ ಅಳತೆಯ ಒಂದು ಚಾರಿತ್ರಿಕ ವಿವೇಚನೆ

ಕೊಡಗಿನ ಚರಿತ್ರೆಯನ್ನು ಬರೆದವರು ಹಾಲೇರಿ ಅರಸರ ವಂಶಾವಳಿಯನ್ನೂ, 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾದ ವೃತ್ತಾಂತವನ್ನೂ, 1956ರ ನವೆಂಬರ್ 1ರಂದು ಆ ನಾಡು ಮೈಸೂರು ರಾಜ್ಯದಲ್ಲಿ ವಿಲೀನವಾದುದನ್ನೂ ವಿಸ್ತಾರವಾಗಿ ನಿರೂಪಿಸಿದ್ದಾರೆ. ಕೊಡವರ ಉಡುಪೂ ಅವರ ಗಮನಕ್ಕೆ ಬಾರದೆ ಹೋಗಿಲ್ಲ. ಮಡಿಕೇರಿಯಲ್ಲಿ ಅಧ್ಯಾಪಕರಾಗಿದ್ದ ಪಾದ್ರಿ ರಿಕ್ಟರ್ ಅವರು 1870ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಅದರ ವರ್ಣನೆಯಿದೆ, ಎಂ. ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟಿಸಿದ ಗ್ರಂಥವು ಕೊಡವರ ಆಚಾರಗಳ ಸನ್ನಿವೇಶದಲ್ಲಿ ಆ ಉಡುಪನ್ನು ಕಾಣಿಸುತ್ತದೆ. ಆದರೆ ಇಂತಹ ವರ್ಣನೆಗಳಲ್ಲಿ ಬಣ್ಣ, ಆಯುಧ, ಆಭರಣಗಳಿಗೆ ದೊರೆತಿರುವ ಸ್ಥಾನ ಕತ್ತರಿಗೂ ಸೂಜಿಗೂ ದೊರೆತಿಲ್ಲ. ಅವನ್ನೋದಿ ದರ್ಜಿಯೊಬ್ಬನು ಒಂದು ಕುಪ್ಯವನ್ನು ಕತ್ತರಿಸಲಾರನು. ಉಡುಪು ಒಡಲಿಗೆ ಹೊಂದುವುದು ಹೇಗೆ, ಆ ಹೊಂದಿಕೆಯ ಅರಿವು ಯಾರ ಕೈಯಲ್ಲಿತ್ತು, ಅದು ಯಾರ ಕೈಗೆ ದಾಟಿತು ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿವೇಚನೆಗೆ ತೆಗೆದುಕೊಳ್ಳುತ್ತೇವೆ.

ಮೊದಲು ಹೆಸರುಗಳನ್ನು ನೋಡೋಣ. ಕೊಡವ ಪುರುಷರ ನಿಲುವಂಗಿಗೆ ಕುಪ್ಯವೆಂದು ಹೆಸರು. ಕನ್ನಡದ ‘ಕುಪ್ಪಸ’, ಮಲೆಯಾಳದ ‘ಕುಪ್ಪಾಯಂ’ ಎಂಬ ಮಾತುಗಳು ಇದರ ಬಂಧುಗಳು. ಸಂಸ್ಕೃತದಲ್ಲಿ ‘ಕೂರ್ಪಾಸಕ’ವೆಂಬ ಶಬ್ದವುಂಟು; ಅಮರಕೋಶದಲ್ಲಿ ಅದು ‘ಚೋಲ’ ಶಬ್ದದ ಜೊತೆಯಲ್ಲಿ ಬರುತ್ತದೆ. ಯಾವ ಭಾಷೆ ಯಾವುದರಿಂದ ಪಡೆಯಿತೆಂಬ ಚರ್ಚೆ ನಮ್ಮ ವಿಷಯವಲ್ಲ. ಹೊಲಿದ ಮೇಲುಡುಪು ದಕ್ಷಿಣ ದೇಶಕ್ಕೆ ಯಂತ್ರದೊಡನೆ ಬಂದುದಲ್ಲವೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ಒಂದೇ ಬಳಗದ ಎರಡು ಹೆಸರುಗಳು ಒಂದೇ ನಾಡಿನಲ್ಲಿ ಎರಡು ಭಿನ್ನ ತತ್ತ್ವಗಳ ಉಡುಪುಗಳಿಗೆ ನಿಂತಿರುವುದು ಇಲ್ಲಿನ ವಿಶೇಷ.

ಕುಪ್ಯವು ಮೊಣಕಾಲಿನವರೆಗೆ ಇಳಿಯುವ, ಅರ್ಧತೋಳಿನ, ಮುಂಭಾಗ ಪೂರ್ತಿಯಾಗಿ ತೆರೆದ ಅಂಗಿ. ಸಾಮಾನ್ಯವಾಗಿ ಅದು ಕಪ್ಪು, ಮದುವಣಿಗನದು ಬಿಳಿ. ಒಳಗೆ ಪೂರ್ಣತೋಳಿನ ಬಿಳಿಯ ಅಂಗಿಯನ್ನು ತೊಟ್ಟು, ಕುಪ್ಯದ ಒಂದು ಮಗ್ಗುಲನ್ನು ಇನ್ನೊಂದರ ಮೇಲೆ ಹಾಯಿಸಿ, ನಡುವಿಗೆ ಕೆಂಪು ರೇಷ್ಮೆಯ ಚೇಲೆಯನ್ನು ಬಿಗಿದು, ಅದರಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸುತ್ತಾರೆ. ಈ ಉಡುಪಿನಲ್ಲಿ ಒಡಲ ಅಳತೆಯನ್ನು ನಿರ್ಣಯಿಸುವುದು ಹೊಲಿಗೆಯಲ್ಲ, ಕಟ್ಟು. ತೊಡುವವನು ಸ್ಥೂಲಕಾಯನಾದರೆ ಮಗ್ಗುಲುಗಳ ಹಾಯಿಕೆ ಕಿರಿದಾಗುತ್ತದೆ, ಕೃಶನಾದರೆ ಹಿರಿದಾಗುತ್ತದೆ. ಚೇಲೆಯು ಉಳಿದುದನ್ನು ಸರಿಪಡಿಸುತ್ತದೆ. ಭುಜದ ಅಗಲವೂ ಒಟ್ಟು ಉದ್ದವೂ ಮಾತ್ರ ಹೆಚ್ಚುಕಡಿಮೆ ಹೊಂದಿದರೆ ಸಾಕು. ಆದುದರಿಂದಲೇ ತಂದೆಯ ಕುಪ್ಯವನ್ನು ಮಗನೂ, ಅಣ್ಣನದನ್ನು ತಮ್ಮನೂ ಕತ್ತರಿಯ ನೆರವಿಲ್ಲದೆ ತೊಡಬಹುದು. ಒಕ್ಕದ ಸೊತ್ತಾಗಿ ಉಳಿಯುವ ಯೋಗ್ಯತೆ ಅದರ ವಿನ್ಯಾಸದಲ್ಲಿಯೇ ಅಡಗಿದೆ.

ಹೆಂಗಸರ ಕುಪ್ಪಸದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಕೊಡವ ಸ್ತ್ರೀಯರು ಸೀರೆಯ ನೆರಿಗೆಗಳನ್ನು ಬೆನ್ನಿನ ಕಡೆ ಸಿಕ್ಕಿಸುತ್ತಾರೆ. ಸೆರಗನ್ನು ಎಡಗಂಕುಳ ಕೆಳಗಿನಿಂದ ಎದೆಯ ಮೇಲೆ ತಂದು ಬಲಭುಜದ ಮೇಲೆ ಭದ್ರಪಡಿಸುತ್ತಾರೆ. ಬಲಮುರಿಯಲ್ಲಿ ಕಾವೇರಿಯು ನದಿಯಾಗಿ ಹರಿದುಬಂದಾಗ, ತಡೆಯಲು ನಿಂತ ಸ್ತ್ರೀಯರ ನೆರಿಗೆಗಳನ್ನು ಪ್ರವಾಹವು ಹಿಂದಕ್ಕೆ ತಳ್ಳಿತೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಇದು ಕಾಲನಿರ್ಣಯಕ್ಕೆ ಒದಗುವ ಆಧಾರವಲ್ಲ. ಈ ಉಡುಗೆಯನ್ನು ತಮ್ಮ ಗುರುತಾಗಿ ಜನರು ಎಷ್ಟು ಆಳವಾಗಿ ಭಾವಿಸಿದ್ದಾರೆಂಬುದನ್ನು ಮಾತ್ರ ತಿಳಿಸುತ್ತದೆ. ನಮ್ಮ ಪ್ರಯೋಜನಕ್ಕೆ ಬರುವ ಸಂಗತಿ ಬೇರೆ. ಸೆರಗು ಹೀಗೆ ಹಾಯುವುದರಿಂದ ಎಡಭುಜ, ಎರಡು ತೋಳುಗಳು ಮತ್ತು ಬೆನ್ನಿನ ಮೇಲುಭಾಗ ಸೀರೆಯ ಮರೆಯಿಲ್ಲದೆ ಉಳಿಯುತ್ತವೆ. ಇತರ ಉಡುಗೆಗಳಲ್ಲಿ ಸೆರಗು ಮರೆಮಾಡುವ ಹೊಲಿಗೆಯ ದೋಷ ಇಲ್ಲಿ ಎದ್ದು ಕಾಣುತ್ತದೆ. ಪೂರ್ಣತೋಳಿನ ಕುಪ್ಪಸವಾದರಂತೂ ಕಂಕುಳಿನ ಸುತ್ತಳತೆ ಅರ್ಧ ಇಂಚು ತಪ್ಪಿದರೂ ತೋಳನ್ನೆತ್ತುವಾಗ ಉಡುಪೆಲ್ಲವೂ ಮೇಲೇಳುತ್ತದೆ. ಇಲ್ಲಿ ಚೇಲೆಯಂತೆ ಸರಿಪಡಿಸುವ ಕಟ್ಟು ಯಾವುದೂ ಇಲ್ಲ. ಹೊಂದಿಕೆಯ ಭಾರವೆಲ್ಲ ಕತ್ತರಿಸುವವನ ಮೇಲೆ ಬಿದ್ದಿತು.

ಈ ಭಾರವನ್ನು ಹೊರುವ ವಿದ್ಯೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನಾದ್ಯಂತ ಹೊಸ ರೂಪವನ್ನು ತಾಳಿತು. ಅಮೆರಿಕದಲ್ಲಿ ಸಿಂಗರ್ ತನ್ನ ಹೊಲಿಗೆಯಂತ್ರಕ್ಕೆ 1851ರಲ್ಲಿ ಹಕ್ಕುಪತ್ರ ಪಡೆದನು. ಅದೇ ದೇಶದ ಬಟರಿಕ್ ಎಂಬ ದರ್ಜಿಯು 1863ರಲ್ಲಿ, ಬೇರೆ ಬೇರೆ ಅಳತೆಗಳಿಗೆ ಕತ್ತರಿಸಿದ ಕಾಗದದ ಪ್ಯಾಟರ್ನುಗಳನ್ನು ಮಾರಲಾರಂಭಿಸಿದನು. ಯಂತ್ರವು ಹೊಲಿಗೆಯ ವೇಗವನ್ನು ಹೆಚ್ಚಿಸಿತು. ಪ್ಯಾಟರ್ನು ಒಡಲನ್ನೇ ಒಂದು ಅಂಕಿಯಾಗಿ ಮಾಡಿತು. ಆದರೆ ಮನುಷ್ಯರ ಒಡಲು ಅಂಕಿಗೆ ಒಗ್ಗುವುದಿಲ್ಲವಾದುದರಿಂದ ಪ್ಯಾಟರ್ನನ್ನು ತಿದ್ದುವ ಕಲೆಯೂ ಅದರ ಜೊತೆಯಲ್ಲಿಯೇ ಬೆಳೆಯಬೇಕಾಯಿತು.

ಉದಾಹರಣೆಗೆ, ಕಂಕುಳಡಿಯಲ್ಲಿ ಎದೆಯ ಮೇಲುಸುತ್ತು 33 ಇಂಚು, ಎದೆಯ ಪೂರ್ಣಸುತ್ತು 37 ಇಂಚು ಇರುವ ಸ್ತ್ರೀಯೊಬ್ಬಳಿಗೆ ಕುಪ್ಪಸ ಹೊಲಿಯಬೇಕೆನ್ನೋಣ. 37ನ್ನೇ ಹಿಡಿದು ಪ್ಯಾಟರ್ನನ್ನು ಆರಿಸಿದರೆ ಎದೆ ಹೊಂದೀತು, ಆದರೆ ಕೊರಳೂ ಭುಜವೂ ಸಡಿಲವಾಗಿ ಜಾರುತ್ತವೆ. ಕೊಡವ ಉಡುಗೆಯಲ್ಲಿ ಮರೆಯಿಲ್ಲದಿರುವುದು ಆ ಎಡಭುಜವೇ. ಆದುದರಿಂದ ಬಲ್ಲವರು ಮೇಲುಸುತ್ತಿನಂತೆ ಚಿಕ್ಕ ಪ್ಯಾಟರ್ನನ್ನು ಹಿಡಿಯುತ್ತಾರೆ. ಸಾಮಾನ್ಯ ಪ್ಯಾಟರ್ನಿನಲ್ಲಿ ಈ ಎರಡು ಸುತ್ತುಗಳ ಅಂತರ 2 ಇಂಚು ಎಂದಿಟ್ಟುಕೊಂಡರೆ, ಇಲ್ಲಿ ಇನ್ನೂ 2 ಇಂಚು ಬೇಕು. ಮುಂಭಾಗದ ಪ್ರತಿಯೊಂದು ಅರ್ಧವನ್ನೂ ಎದೆಯ ನೇರದಲ್ಲಿ ಸೀಳಿ ಒಂದೊಂದು ಇಂಚು ಅಗಲಿಸಿ, ಹೆಚ್ಚಿದುದನ್ನು ಡಾರ್ಟಿನಲ್ಲಿ ಮಡಿಸಿ ಸೊಂಟಕ್ಕೆ ತರುತ್ತಾರೆ. ಬೆನ್ನಿಗೆ ಬೇರೆಯದೇ ಲೆಕ್ಕ: ಹಿಂದಿನ ನೆರಿಗೆಗಳ ದಪ್ಪವು ಅಂಚನ್ನು ಮೇಲಕ್ಕೆ ತಳ್ಳದಂತೆ ಕುಪ್ಪಸದ ಉದ್ದವನ್ನು ನೆರಿಗೆಗಳ ಮೇಲುಗಡೆಯೇ ನಿಲ್ಲಿಸಬೇಕು. ಒಡಲು ಮುಂದೆ ಬದಲಾದೀತೆಂದು ಮಗ್ಗುಲ ಹೊಲಿಗೆಯ ಒಳಗೆ ಒಂದೆರಡು ಇಂಚು ಬಟ್ಟೆಯನ್ನು ಉಳಿಸುವುದು ನಮ್ಮ ದೇಶದ ದರ್ಜಿಗಳ ಪದ್ಧತಿ. ಮದುವೆಯ ಕುಪ್ಪಸವನ್ನು ಹೆರಿಗೆಯ ನಂತರ ಬಿಚ್ಚಿ ಅಗಲಿಸುವುದೂ, ಮಗಳಿಗಾಗಿ ಮತ್ತೆ ಒಳಸೇರಿಸುವುದೂ ಇದರಿಂದ ಸಾಧ್ಯವಾಯಿತು. ಬಿಚ್ಚಿದ ಹೊಲಿಗೆಯ ಸೂಜಿಗುರುತುಗಳು ಬಟ್ಟೆಯಲ್ಲಿ ಉಳಿಯುತ್ತವೆ. ಚರಿತ್ರಕಾರನಿಗೆ ಅವು ಓದಬಹುದಾದ ದಾಖಲೆಗಳು.

ಮೂರನೆಯ ಘಟ್ಟವನ್ನು ತಂದುದು ಹೆಣಿಗೆಯ ಬಟ್ಟೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬವನು 1589ರಲ್ಲಿಯೇ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದ್ದನು. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ನೇರವಾಗಿ ಹಾಯುವುದರಿಂದ ಅದು ಹಿಗ್ಗದು. ಹೆಣೆದ ಬಟ್ಟೆಯಲ್ಲಿ ನೂಲು ಕುಣಿಕೆಗಳಾಗಿರುವುದರಿಂದ ಎಳೆದರೆ ಅಗಲವಾಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ನಮ್ಮ ಜನರು ಇದನ್ನು ಬನಿಯನ್ ಬಟ್ಟೆ ಎನ್ನುತ್ತಾರೆ. ಈ ಮಾತಿನ ಚರಿತ್ರೆಯೂ ಸ್ವಾರಸ್ಯವಾದುದು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಯುರೋಪಿಯನ್ನರು ‘ಬನಿಯನ್’ ಎಂದುದು ನಮ್ಮ ದೇಶದ ವರ್ತಕರ ಹೆಸರಿನಲ್ಲಿ ಕರೆದ, ಸಡಿಲವಾದ, ಮುಂದೆ ತೆರೆದ ನಿಲುವಂಗಿಯನ್ನು, ಅಂದರೆ ಬಹುಮಟ್ಟಿಗೆ ಕುಪ್ಯದ ಜಾತಿಯ ಉಡುಪನ್ನು. ಕಟ್ಟಿನಿಂದ ಹೊಂದಿಸುತ್ತಿದ್ದ ಅಂಗಿಯ ಹೆಸರು, ನೂಲಿನಿಂದಲೇ ಹೊಂದಿಕೊಳ್ಳುವ ಒಳಂಗಿಗೆ ದಾಟಿತು.

ಸಾವಿರ ಮೀಟರಿಗೂ ಮೀರಿದ ಎತ್ತರದಲ್ಲಿರುವ ಮಡಿಕೇರಿಯ ಮಳೆ ಚಳಿಗಳಲ್ಲಿ ಉಣ್ಣೆಯ ಹೆಣಿಗೆ ಅಪರಿಚಿತವಲ್ಲ. ಆದರೆ ಸೀರೆಯೊಡನೆ ತೊಡುವ ಕುಪ್ಪಸವನ್ನೇ ಹಿಗ್ಗುವ ಬಟ್ಟೆಯಲ್ಲಿ ಹೊಲಿಯುವುದು ಈಚಿನದು. ಇಲ್ಲಿ ಪ್ಯಾಟರ್ನಿನ ಲೆಕ್ಕವೇ ತಲೆಕೆಳಗಾಗುತ್ತದೆ. ನೇಯ್ದ ಬಟ್ಟೆಯ ಕುಪ್ಪಸವು ಒಡಲಿಗಿಂತ ತುಸು ದೊಡ್ಡದಾಗಿರಬೇಕು, ಹೆಣಿಗೆಯದು ಚಿಕ್ಕದಾಗಿರಬಹುದು. 37 ಇಂಚಿನ ಎದೆಗೆ 35 ಇಂಚಿನ ಉಡುಪು ಹೊಂದೀತು. ಅದಕ್ಕೆ ಮೊದಲು ಬಟ್ಟೆಯನ್ನು ಪರೀಕ್ಷಿಸಬೇಕು: 4 ಇಂಚಿನ ಮಡಿಕೆ ಸಲೀಸಾಗಿ 5 ಇಂಚಾದರೆ ಹಿಗ್ಗು ನೂರಕ್ಕೆ 25. ಡಾರ್ಟಿನ ಅವಶ್ಯಕತೆ ಅನೇಕ ವೇಳೆ ಇರುವುದಿಲ್ಲ. ಹಾಗೆಂದು ತಿದ್ದುವ ಕೆಲಸ ಮುಗಿಯಿತೆನ್ನಲಾಗದು. ತುಂಬಿದ ಎದೆಯು ಬಟ್ಟೆಯ ಉದ್ದವನ್ನೂ ಸೆಳೆಯುವುದರಿಂದ ಮುಂಭಾಗವನ್ನು ಸ್ವಲ್ಪ ಉದ್ದವಾಗಿ ಕತ್ತರಿಸಿ, ಹೆಚ್ಚಿದುದನ್ನು ಮಗ್ಗುಲ ಹೊಲಿಗೆಯಲ್ಲಿ ಸಣ್ಣಗೆ ಸುಧಾರಿಸಬೇಕು. ಸೆರಗಿನ ಭಾರವನ್ನು ಹೊರುವ ಬಲಭುಜದ ಹೊಲಿಗೆಗೆ ಹಿಗ್ಗದ ಪಟ್ಟಿಯೊಂದನ್ನು ಕೂಡಿಸದಿದ್ದರೆ, ಆ ಭುಜವು ದಿನಕಳೆದಂತೆ ಜೋತುಬೀಳುತ್ತದೆ. ನೇರ ಹೊಲಿಗೆಯ ದಾರ ಎಳೆತಕ್ಕೆ ಹರಿಯುವುದರಿಂದ ಅಂಕುಡೊಂಕಿನ ಹೊಲಿಗೆಯೇ ಯೋಗ್ಯ.

ಹೀಗೆ ಹೊಂದಿಕೆಯ ಅರಿವು ಮೊದಲು ತೊಡುವವನ ಕೈಯ ಚೇಲೆಯಲ್ಲಿತ್ತು. ಅನಂತರ ದರ್ಜಿಯ ಕತ್ತರಿಗೆ ಬಂದಿತು. ಈಗ ಬಹುಭಾಗ ಕಾರ್ಖಾನೆಯ ನೂಲಿಗೆ ಸೇರಿದೆ. ಇವನ್ನು ಒಂದರ ತರುವಾಯ ಒಂದು ಅಳಿದ ಯುಗಗಳೆಂದು ಭಾವಿಸುವುದು ಸರಿಯಲ್ಲ. ಇಂದಿನ ಒಂದೇ ಮದುವೆಯ ಚಪ್ಪರದಲ್ಲಿ ವರನ ಕುಪ್ಯ, ವಧುವಿನ ಕುಪ್ಪಸ, ನೆಂಟರ ಹೆಣಿಗೆಯ ಉಡುಪು ಮೂರನ್ನೂ ಕಾಣಬಹುದು. ಹಿಗ್ಗುವ ಬಟ್ಟೆಯಿಂದ ಸ್ತ್ರೀಯರಿಗೆ ಅನುಕೂಲವಾಗಿರುವುದೂ ನಿಜ: ಒಡಲು ಬದಲಾದಾಗಲೆಲ್ಲ ದರ್ಜಿಯ ಬಾಗಿಲಿಗೆ ಹೋಗಬೇಕಾಗಿಲ್ಲ. ಆದರೆ ಅಂತಹ ಉಡುಪು ತನ್ನನ್ನು ತೊಟ್ಟವರ ಗುರುತನ್ನು ಉಳಿಸುವುದಿಲ್ಲ. ಅದರಲ್ಲಿ ಬಿಚ್ಚಿ ಹೊಲಿದ ಸಾಲುಗಳಿಲ್ಲ, ಮಗಳಿಗಾಗಿ ಕಾದಿರಿಸಿದ ಒಳಬಟ್ಟೆಯಿಲ್ಲ.

ಇದರಿಂದ ನಮ್ಮ ಮೇಲೆ ಒಂದು ಕರ್ತವ್ಯ ಬೀಳುತ್ತದೆ. ಅರಸರ ಶಾಸನಗಳು ಕಲ್ಲಿನಲ್ಲಿವೆ. ಐನ್‌ಮನೆಗಳ ಪೆಟ್ಟಿಗೆಗಳಲ್ಲಿರುವ ಕುಪ್ಪಸಗಳು ಬಟ್ಟೆಯವು. ನುಸಿ, ತೇವ ಮತ್ತು ಹಳತನ್ನು ತೆಗೆದುಹಾಕುವ ಉತ್ಸಾಹ, ಈ ಮೂರೂ ಅವಕ್ಕೆ ಶತ್ರುಗಳು. ಕೊಡಗಿನ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಮನೆಗಳ ಹಳೆಯ ಉಡುಪುಗಳನ್ನು ನೆಲದ ಮೇಲೆ ಹರಡಿ, ಭುಜ, ಎದೆ, ಕಂಕುಳು, ತೋಳು, ಉದ್ದಗಳನ್ನು ಅಳೆದು, ಒಳಬಟ್ಟೆ ಎಷ್ಟಿದೆ, ಎಷ್ಟು ಸಲ ಬಿಚ್ಚಿ ಹೊಲಿದಿದೆ, ಯಾರು ಯಾವಾಗ ತೊಟ್ಟರೆಂಬುದನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಬರೆದಿಡಬಹುದು. ಇದಕ್ಕೆ ಬೇಕಾಗುವ ಸಾಧನ ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ. ಲಿಖಿತ ದಾಖಲೆಗಳಲ್ಲಿ ಹೆಸರಿಲ್ಲದೆ ಹೋದ ಅನೇಕ ಸ್ತ್ರೀಯರ ಬದುಕಿಗೆ, ಅವರ ಉಡುಪಿನ ಹೊಲಿಗೆಯೊಂದೇ ಉಳಿದಿರುವ ಸಾಕ್ಷ್ಯವಾಗಿರುವ ಸಂಭವವುಂಟು. ಆ ಸಾಕ್ಷ್ಯವನ್ನು ಅದು ಜೀರ್ಣವಾಗುವ ಮೊದಲೇ ಓದಿಕೊಳ್ಳುವುದು ಚರಿತ್ರೆಯ ಅಭ್ಯಾಸಿಗಳಾದ ನಮ್ಮೆಲ್ಲರ ಕೆಲಸ.