ಮಂಡಿಯೊಳಗಿನ ಹಂಗಾಮಿ ಕೀಲು

ಸವೆದ ಮಂಡಿಗೆ ಲೋಹ ಮತ್ತು ಪ್ಲಾಸ್ಟಿಕ್‌ನ ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆ ಇಂದು ಹೊಸತೇನಲ್ಲ. ಬಹುಪಾಲು ರೋಗಿಗಳು ಕೆಲವೇ ವಾರಗಳಲ್ಲಿ ನಡೆದಾಡುತ್ತಾರೆ. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಆ ಕೀಲಿನ ಸುತ್ತ ಸೋಂಕು ತಗಲುತ್ತದೆ. ಮಂಡಿ ಊದಿಕೊಳ್ಳುತ್ತದೆ, ಕೀವು ತುಂಬುತ್ತದೆ. ಸೋಂಕು ಹತೋಟಿಗೆ ಬಾರದಿದ್ದರೆ ಮಂಡಿಯನ್ನು ಮಡಚಲಾಗದಂತೆ ಬೆಸೆಯಬೇಕಾಗುತ್ತದೆ. ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಇಂಥ ಎಷ್ಟೋ ಕಾಲುಗಳನ್ನು ಉಳಿಸಲು ನೆರವಾಗಿರುವುದು ಕೆಲವು ವಾರಗಳ ಮಟ್ಟಿಗೆ ಮಂಡಿಯೊಳಗಿದ್ದು ಹೊರಬರುವ, ಔಷಧ ಬೆರೆಸಿದ ಸಿಮೆಂಟಿನ ತುಂಡು. ವೈದ್ಯರು ಅದನ್ನು ‘ಸ್ಪೇಸರ್’ ಎನ್ನುತ್ತಾರೆ.

ಕೃತಕ ಕೀಲಿಗೂ ಸೋಂಕಿಗೂ ಇರುವ ಹಗೆತನ ಹಳೆಯದು. 1890ರಲ್ಲಿ ಬರ್ಲಿನ್‌ನ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್ ಆನೆದಂತದಿಂದ ಮಾಡಿದ ಮಂಡಿ ಕೀಲನ್ನು ರೋಗಿಗೆ ಅಳವಡಿಸಿದರು. ಅವರ ರೋಗಿಗಳ ಕೀಲುಗಳು ಕ್ಷಯದಿಂದ ಹಾಳಾದಂಥವು. ಮೊದಮೊದಲು ಯಶಸ್ಸು ಕಂಡರೂ ಒಳಗೆ ಉಳಿದಿದ್ದ ಸೋಂಕು ಮತ್ತೆ ತಲೆ ಎತ್ತಿತು. ಆ ಕಾಲದಲ್ಲಿ ಪ್ರತಿಜೀವಕ ಔಷಧಗಳೇ ಇರಲಿಲ್ಲ. ಸೋಂಕಿರುವ ಜಾಗದಲ್ಲಿ ಕೃತಕ ಕೀಲು ನಿಲ್ಲದೆಂಬ ಪಾಠವನ್ನು ಗ್ಲುಕ್ ಕಲಿತರು.

ಪರಿಹಾರದ ಮೊದಲ ಎಳೆ ದೊರೆತದ್ದು ದಂತವೈದ್ಯರ ಸಾಮಗ್ರಿಯಲ್ಲಿ. ಕಟ್ಟಿಸಿದ ಹಲ್ಲಿನ ಸೆಟ್ಟುಗಳಿಗೆ ಬಳಸುತ್ತಿದ್ದ ಆ್ಯಕ್ರಿಲಿಕ್ ಅನ್ನು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1958ರಿಂದ ಸೊಂಟದ ಕೃತಕ ಕೀಲನ್ನು ಮೂಳೆಗೆ ಕಚ್ಚಿಸಲು ಬಳಸತೊಡಗಿದರು. ಪುಡಿಗೆ ದ್ರವ ಬೆರೆಸಿ ಕಲಸಿದರೆ ಅದು ಹಿಟ್ಟಿನಂತಾಗಿ, ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ಗಟ್ಟಿಯಾಗುತ್ತದೆ. ಮೂಳೆ ಸಿಮೆಂಟ್ ಎಂದು ಹೆಸರಾದದ್ದು ಇದೇ.

ಈ ಸಿಮೆಂಟಿನಲ್ಲೇ ಔಷಧ ಬೆರೆಸಿದರೆ ಹೇಗೆ ಎಂದು ಯೋಚಿಸಿದವರು ಜರ್ಮನಿಯ ಹ್ಯಾಂಬರ್ಗ್ ನಗರದ ಹನ್ಸ್ ವಿಲ್ಹೆಲ್ಮ್ ಬುಖ್‌ಹೋಲ್ಟ್ಸ್. ಸಿಮೆಂಟಿನ ಬಿಸಿಯನ್ನು ತಾಳಿಕೊಳ್ಳುವ ಜೆಂಟಮೈಸಿನ್ ಅವರಿಗೆ ಒದಗಿಬಂತು. 1970ರಲ್ಲಿ ಅವರು ಸಹೋದ್ಯೋಗಿಯೊಡನೆ ಈ ವಿಧಾನವನ್ನು ಪ್ರಕಟಿಸಿದರು. ಸಿಮೆಂಟಿನಿಂದ ಔಷಧ ಒಸರಿ, ಚುಚ್ಚುಮದ್ದಿನಿಂದ ಸುರಕ್ಷಿತವಾಗಿ ಮುಟ್ಟಿಸಲಾಗದಷ್ಟು ಪ್ರಮಾಣದಲ್ಲಿ ಸೋಂಕಿನ ಜಾಗಕ್ಕೆ ತಲಪುತ್ತಿತ್ತು. ಬುಖ್‌ಹೋಲ್ಟ್ಸ್ ಸೋಂಕಿತ ಕೀಲನ್ನು ತೆಗೆದು, ಅದೇ ಶಸ್ತ್ರಚಿಕಿತ್ಸೆಯಲ್ಲಿ ಹೊಸದನ್ನು ಕೂರಿಸುತ್ತಿದ್ದರು.

ಹಳೆಯ ಕೀಲನ್ನು ತೆಗೆಯಲೇಬೇಕೆ? ಹೆಚ್ಚಿನ ಸಂದರ್ಭಗಳಲ್ಲಿ ಹೌದು. ರೋಗಾಣುಗಳು ಲೋಹದ ಮೇಲೆ ಲೋಳೆಯಂಥ ಪದರ ಕಟ್ಟಿಕೊಂಡು ಅದರೊಳಗೆ ಅಡಗುತ್ತವೆ. ರಕ್ತದ ಮೂಲಕ ಬರುವ ಔಷಧ ಅವುಗಳನ್ನು ಪೂರ್ತಿ ಕೊಲ್ಲಲಾರದು.

ಅಮೆರಿಕದ ಶಸ್ತ್ರವೈದ್ಯರಲ್ಲಿ ಅನೇಕರು ಇನ್ನೊಂದು ದಾರಿ ಹಿಡಿದರು. ನ್ಯೂಯಾರ್ಕ್‌ನ ಜಾನ್ ಇನ್ಸಾಲ್ ಮತ್ತು ಸಂಗಡಿಗರು 1983ರಲ್ಲಿ 11 ಮಂಡಿಗಳ ಅನುಭವವನ್ನು ವರದಿ ಮಾಡಿದರು. ಮೊದಲು ಕೀಲು ತೆಗೆಯುವುದು, ಆರು ವಾರ ರಕ್ತನಾಳದ ಮೂಲಕ ಔಷಧ ಕೊಡುವುದು, ಆಮೇಲೆ ಹೊಸ ಕೀಲು ಕೂರಿಸುವುದು ಅವರ ಕ್ರಮ. ಸೋಂಕು ಹತೋಟಿಗೆ ಬಂದರೂ ಒಂದು ತೊಡಕು ಉಳಿಯಿತು. ಕೀಲು ತೆಗೆದ ಜಾಗ ಖಾಲಿ. ಅದರ ಸುತ್ತಲಿನ ಸ್ನಾಯು, ಅಸ್ಥಿಬಂಧಗಳು ಕುಗ್ಗಿ ಕಾಲು ಗಿಡ್ಡವಾಗುತ್ತಿತ್ತು. ಎರಡನೆಯ ಶಸ್ತ್ರಚಿಕಿತ್ಸೆ ಹೊತ್ತಿಗೆ ಹೊಸ ಕೀಲಿಗೆ ಜಾಗ ಮಾಡುವುದೇ ಕಷ್ಟವಾಗುತ್ತಿತ್ತು.

1980ರ ದಶಕದ ಕೊನೆಯಲ್ಲಿ ಆ ಖಾಲಿ ಜಾಗಕ್ಕೆ ಔಷಧ ಬೆರೆಸಿದ ಸಿಮೆಂಟಿನ ತುಂಡು ಇಡುವ ಕ್ರಮ ಬಂತು. ರಾಬರ್ಟ್ ಬೂತ್ ಮತ್ತು ಪಾಲ್ ಲಾಟ್ಕಿ 1989ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಜಾಗ ಕಾಯುವುದು, ಔಷಧ ಉಣಿಸುವುದು ಎರಡನ್ನೂ ಒಂದೇ ತುಂಡು ಮಾಡುತ್ತಿತ್ತು. ಔಷಧ ಹೆಚ್ಚಾದಷ್ಟೂ ಸಿಮೆಂಟಿನ ಬಲ ಕುಂದುತ್ತದೆ. ಆದರೆ ಹೇಗೂ ತೆಗೆಯಬೇಕಾದ ತುಂಡು ವರ್ಷಗಟ್ಟಲೆ ಬಾಳಬೇಕಿಲ್ಲ. ಹೀಗಾಗಿ ಇದಕ್ಕೆ ಹೆಚ್ಚು ಔಷಧ ಬೆರೆಸಬಹುದು. ಹಂಗಾಮಿಯಾಗಿರುವುದೇ ಇದರ ಅನುಕೂಲ.

ಆ ತುಂಡು ಇರುವಷ್ಟು ದಿನ ಮಂಡಿ ಮಡಚುವಂತಿರಲಿಲ್ಲ. ಯೂಟಾದ ಆರನ್ ಹಾಫ್‌ಮನ್ ಮತ್ತು ಸಂಗಡಿಗರು 1995ರಲ್ಲಿ ಚಲಿಸುವ ಸ್ಪೇಸರನ್ನು ವರದಿ ಮಾಡಿದರು. ತೆಗೆದ ಕೀಲಿನ ತೊಡೆಮೂಳೆ ಕಡೆಯ ಲೋಹದ ಭಾಗವನ್ನು ಶುಚಿಗೊಳಿಸಿ, ಆಟೋಕ್ಲೇವ್‌ನ ಹಬೆಯಲ್ಲಿ ರೋಗಾಣುಮುಕ್ತ ಮಾಡಿ, ಔಷಧದ ಸಿಮೆಂಟಿನೊಡನೆ ಮತ್ತೆ ಕೂರಿಸುತ್ತಿದ್ದರು. ಇದರಿಂದ ರೋಗಿ ಕಾಯುವ ವಾರಗಳಲ್ಲೂ ಮಂಡಿ ಮಡಚಬಹುದಾಯಿತು. ಆನಂತರ ಅಚ್ಚಿನಲ್ಲಿ ಎರೆದ ಸ್ಪೇಸರ್‌ಗಳೂ, ಸಿದ್ಧ ಸ್ಪೇಸರ್‌ಗಳೂ ಬಂದವು.

ಸ್ಪೇಸರ್ ಸರ್ವರೋಗಕ್ಕೂ ಮದ್ದಲ್ಲ. ಔಷಧದ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಒಸರಿ, ಬಳಿಕ ಇಳಿಯುತ್ತದೆ. ಕೆಲವರಲ್ಲಿ ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಎರಡನೆಯ ಶಸ್ತ್ರಚಿಕಿತ್ಸೆ ತಾಳಿಕೊಳ್ಳುವ ಶಕ್ತಿಯಿಲ್ಲದೆ ಸ್ಪೇಸರ್‌ನೊಡನೆಯೇ ಉಳಿಯುವ ವೃದ್ಧರೂ ಇದ್ದಾರೆ. ಹ್ಯಾಂಬರ್ಗ್‌ನ ಒಂದೇ ಹಂತದ ವಿಧಾನ ಮೇಲೋ, ಎರಡು ಹಂತದ್ದು ಮೇಲೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಗ್ಲುಕ್ ಎದುರಿಗೆ ಸೋಂಕಿತ ಮಂಡಿ ಬಂದಾಗ ಇಲ್ಲದಿದ್ದ ಒಂದು ಅವಕಾಶ ಇಂದಿನ ವೈದ್ಯರಿಗಿದೆ: ಕಾಲನ್ನು ಉಳಿಸಿಕೊಂಡು, ಸೋಂಕು ಅಳಿಯುವವರೆಗೆ ಕಾಯುವ ಅವಕಾಶ.