ರೋಮನ್ ಅಂಕಗಳೂ ಬಸರಾಳಿನ ದೇಗುಲದ ಕಾಲವೂ

ಗಡಿಯಾರದ ಮುಖದಲ್ಲಿಯೂ ಗ್ರಂಥಗಳ ಸಂಪುಟಸಂಖ್ಯೆಯಲ್ಲಿಯೂ ಮುಖ್ಯವಾಗಿ ಉಳಿದುಕೊಂಡಿರುವ ರೋಮನ್ ಅಂಕಗಳನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಏತಕ್ಕೆ ಕಲಿಸಬೇಕೆಂದು ಕೇಳುವ ಗೃಹಸ್ಥರುಂಟು. ಪ್ರಶ್ನೆಯು ಅಯುಕ್ತವಲ್ಲ. ಐ ಎಂದರೆ ಒಂದು, ವಿ ಐದು, ಎಕ್ಸ್ ಹತ್ತು, ಎಲ್ ಐವತ್ತು, ಸಿ ನೂರು, ಡಿ ಐನೂರು, ಎಂ ಸಾವಿರ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಸಿ ಬಿಟ್ಟರೆ ಆಗುವ ಲಾಭವು ಅತ್ಯಲ್ಪ. ಚರಿತ್ರೆಯೊಡನೆ ಸೇರಿಸಿ ಕಲಿಸಿದಲ್ಲಿಯಾದರೋ, ನಾವು ದಿನವೂ ಬರೆಯುವ ಸೊನ್ನೆಯ ಬೆಲೆಯು ಬಾಲಕರಿಗೂ ಗೋಚರವಾಗುವುದು.

ಬಸರಾಳಿನ ಮಕ್ಕಳಿಗೆ ಇದಕ್ಕೆ ತಕ್ಕ ಉದಾಹರಣೆಯು ಊರಿನಲ್ಲಿಯೇ ಇದೆ. ಹೊಯ್ಸಳ ಇಮ್ಮಡಿ ನರಸಿಂಹನ ಆಳಿಕೆಯಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದ ಕಾಲವನ್ನು ಸುಮಾರು ಕ್ರಿ. ಶ. ೧೨೩೪ ಎಂದು ಎಣಿಸುವರು. ಮಕ್ಕಳು ಈ ಸಂಖ್ಯೆಯನ್ನು ಮೊದಲು ಸಾವಿರ, ಇನ್ನೂರು, ಮೂವತ್ತು, ನಾಲ್ಕು ಎಂದು ಬಿಡಿಸಲಿ. ಸಾವಿರಕ್ಕೆ ಒಂದು ಎಂ, ಇನ್ನೂರಕ್ಕೆ ಎರಡು ಸಿ, ಮೂವತ್ತಕ್ಕೆ ಮೂರು ಎಕ್ಸ್. ನಾಲ್ಕಕ್ಕೆ, ಐದರಲ್ಲಿ ಒಂದು ಕಡಿಮೆ ಎಂಬರ್ಥದಲ್ಲಿ, ವಿ ಅಕ್ಷರದ ಎಡಗಡೆ ಐ. ನಮ್ಮಲ್ಲಿ ನಾಲ್ಕೇ ಅಂಕಗಳು, ಅವರಲ್ಲಿ ಎಂಟು ಅಕ್ಷರಗಳು. ಶಕವರ್ಷಕ್ಕಾಗಿ ೭೮ನ್ನು ಕಳೆದರೆ ೧೧೫೬. ಅದಕ್ಕೆ ಎಂ, ಸಿ, ಎಲ್, ವಿ, ಐ ಎಂಬ ಐದೇ ಸಾಕು. ೮೮೮ಕ್ಕಾದರೋ ಹನ್ನೆರಡು ಬೇಕು, ಸಾವಿರಕ್ಕೆ ಒಂದೇ! ಬರಹದ ಉದ್ದವನ್ನು ನೋಡಿ ಸಂಖ್ಯೆಯ ಗಾತ್ರವನ್ನು ಊಹಿಸಲಾಗದೆಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುವರು. ಗಡಿಯಾರದಲ್ಲಿ ನಾಲ್ಕಕ್ಕೆ ನಾಲ್ಕು ಐಗಳಿರುವುದನ್ನು ಕಂಡು ತಪ್ಪೆಂದು ಹೇಳುವ ಹುಡುಗನನ್ನು ಗದರಿಸಬಾರದು. ರೋಮನರು ಎರಡು ರೀತಿಗಳಲ್ಲಿಯೂ ಬರೆಯುತ್ತಿದ್ದರು.

ಈ ದೇಗುಲವು ಏಳುತ್ತಿದ್ದ ಕಾಲದಲ್ಲಿ ಯೂರೋಪಿನವರು ಲೆಕ್ಕವನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯುತ್ತಿದ್ದರು. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ಎಂಬಾತನು ೧೨೦೨ರಲ್ಲಿ ಗ್ರಂಥವೊಂದನ್ನು ರಚಿಸಿ, ಹಿಂದೂಗಳ ಒಂಬತ್ತು ಅಂಕಗಳನ್ನೂ ಸೊನ್ನೆಯನ್ನೂ ತನ್ನವರಿಗೆ ವಿವರಿಸಿದನು. ಹಾಗಾದರೂ ೧೨೯೯ರಲ್ಲಿ ಫ್ಲಾರೆನ್ಸಿನ ಹಣವಿನಿಮಯಗಾರರ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಆ ಅಂಕಗಳನ್ನು ನಿಷೇಧಿಸಿತು. ಹೊಸ ಅಂಕಗಳನ್ನು ತಿದ್ದುವುದು ಸುಲಭವೆಂಬ ಭಯವೇ ಇದಕ್ಕೆ ಕಾರಣವೆಂದು ಹೇಳುವುದುಂಟು.

ಇದನ್ನು ಕೇಳಿದೊಡನೆ ರೋಮನರನ್ನು ಮಂದಮತಿಗಳೆಂದು ನಗುವುದು ನ್ಯಾಯವಲ್ಲ. ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದಲ್ಲಿ ೨೫೬ ಎಂಬ ಸಂಖ್ಯೆಯು ಇನ್ನೂರು, ಐವತ್ತು, ಆರು ಎಂಬ ಮೂರು ಬೇರೆ ಬೇರೆ ಚಿಹ್ನೆಗಳಿಂದ ಕೆತ್ತಲ್ಪಟ್ಟಿದೆ. ಅಲ್ಲಿಯೂ ಸ್ಥಾನಬೆಲೆಯಿಲ್ಲ, ಸೊನ್ನೆಯಿಲ್ಲ. ಅಲ್ಲಿಂದ ಸಾವಿರ ವರ್ಷಗಳಿಗೂ ಮೀರಿದ ಮೇಲೆ, ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳಿದನು. ನಮ್ಮ ಪೂರ್ವಿಕರೂ ನಡೆದೇ ಈ ದಾರಿಯನ್ನು ಕಂಡವರು.

ಉಪಾಧ್ಯಾಯರು ಒಂದು ದಿನ ಮಕ್ಕಳಿಗೆ ೩೪ನ್ನು ೧೨ರಿಂದ ರೋಮನ್ ಅಕ್ಷರಗಳಲ್ಲಿಯೇ ಗುಣಿಸಲು ಹೇಳಲಿ. ಕೆಲವು ನಿಮಿಷಗಳಲ್ಲಿ ಬಳಪಗಳು ನಿಂತುಹೋಗುವುವು. ಆಗ ನೆಲದ ಮೇಲೆ ಗೆರೆಗಳನ್ನೆಳೆದು, ಒಂದೊಂದು ಗೆರೆಗೂ ಬಿಡಿ, ಹತ್ತು, ನೂರು ಎಂದು ಹೆಸರಿಟ್ಟು, ಹುಣಿಸೆಬೀಜಗಳನ್ನು ಕೊಡಬೇಕು. ಯೂರೋಪಿನ ವರ್ತಕರೂ ಇಂಥ ಗೆರೆಯ ಹಲಗೆಯ ಮೇಲೆ ಬಿಲ್ಲೆಗಳನ್ನಿಟ್ಟೇ ಲೆಕ್ಕ ಮಾಡುತ್ತಿದ್ದರು. ೪೦೮ ಬಂದ ಮೇಲೆ ಅದನ್ನು ಸಿ, ಡಿ, ವಿ, ಐ, ಐ, ಐ ಎಂದು ಬರೆಯಿಸಿ, ಹತ್ತರ ಮನೆಯ ಸೊನ್ನೆ ಎಲ್ಲಿ ಹೋಯಿತೆಂದು ಕೇಳಬೇಕು.